ಸೀತಾನದಿಯ ದಡದ ಬಾರಕೂರು

ನಮ್ಮ ಅಜೆಕಾರು ಎರಡು ನದಿಗಳ ನಡುವೆ ಇರುವ ಊರು. ಕಾರ್ಕಳಕ್ಕೆ ಹೋಗುವವರು ಎಣ್ಣೆಹೊಳೆಯಲ್ಲಿ ಸುವರ್ಣಾ ನದಿಯನ್ನು ದಾಟುವರು. ಹೆಬ್ರಿಯ ಮಾರ್ಗವಾಗಿ ಆಗುಂಬೆಯ ಘಟ್ಟವನ್ನು ಹತ್ತುವವರಿಗೆ ಸೀತಾನದಿಯು ಎದುರಾಗುವದು. ಈ ಎರಡು ನದಿಗಳೂ ಘಟ್ಟದ ಸೀಮೆಯಿಂದ ಬೇರೆ ಬೇರೆಯಾಗಿ ಹೊರಟು, ಬೇರೆ ಬೇರೆ ಊರುಗಳ ಗದ್ದೆ ತೋಟಗಳಿಗೆ ನೀರುಣಿಸಿ, ಕಟ್ಟಕಡೆಗೆ ಹಂಗಾರಕಟ್ಟೆಯ ಹತ್ತಿರ, ಕೋಡಿಬೆಂಗ್ರೆಯ ಮರಳ ದಿಣ್ಣೆಯ ಬಳಿಯಲ್ಲಿ ಕೂಡಿ, ಒಂದೇ ಅಳಿವೆಯಿಂದ ಪಡುಗಡಲನ್ನು ಸೇರುವವು. ಥೇಮ್ಸ್ ನದಿಯ ದಡದಲ್ಲಿ ಲಂಡನ್, ನೈಲ್ ನದಿಯ ದಡದಲ್ಲಿ ಕೈರೋ ಎಂದು ಭೂಗೋಳದ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ನಮ್ಮ ಹುಡುಗಿಯರೊಡನೆ ಸೀತಾನದಿಯ ದಡದಲ್ಲಿ ಯಾವ ಪಟ್ಟಣ ಇತ್ತೆಂದು ಕೇಳಿದರೆ ಉತ್ತರವು ಅಷ್ಟು ಬೇಗನೆ ಬಾರದು. ಆದರೂ ಆ ದಡದಲ್ಲಿ ಒಂದು ರಾಜಧಾನಿ ಇತ್ತು. ಅರಬ್ಬೀ ಪ್ರವಾಸಿಗಳೂ ಪೋರ್ತುಗೀಜ ವರ್ತಕರೂ ಅದನ್ನು ಹೆಸರಿನಿಂದ ಬಲ್ಲವರಾಗಿದ್ದರು. ಅದಕ್ಕಿಂತಲೂ ಹೆಚ್ಚಾಗಿ ಈ ಸಂಚಿಕೆಯ ವಾಚಕರಿಗೆ ಬೇಕಾದ ಸಂಗತಿಯೇನಂದರೆ, ಅಲ್ಲಿಯ ಸಿಂಹಾಸನದಲ್ಲಿ ಇಬ್ಬರು ಸ್ತ್ರೀಯರು ಕುಳಿತು ರಾಜ್ಯವಾಳಿದರು. ಅವರ ಹೆಸರುಗಳು ಜನರ ಬಾಯಲ್ಲಿ ಉಳಿಯಲಿಲ್ಲ. ಕಲ್ಲುಗಳ ಮೇಲೆ ಉಳಿದವು. ಆ ಊರೇ ಬಾರಕೂರು.

ಬಾರಕೂರು ಈಗ ದೊಡ್ಡ ಪಟ್ಟಣವಲ್ಲ. ಬ್ರಹ್ಮಾವರದಿಂದ ಮೂಡಣ ಬಡಗಣ ದಿಕ್ಕಿಗೆ ಸುಮಾರು ಒಂದು ಹರದಾರಿ ಹೋದರೆ ತೆಂಗಿನ ತೋಟ, ಬತ್ತದ ಗದ್ದೆ, ಕೆಂಪು ಹೆಂಚಿನ ಮನೆಗಳು, ನಡುನಡುವೆ ಹಳೆಯ ದೇವಸ್ಥಾನಗಳು, ಕೆಂಪು ಮುರಕಲ್ಲಿನ ಕುಸಿದ ಗೋಡೆಗಳು ಕಾಣುವವು. ಕಚ್ಚೂರು, ಹೊಸಾಳ, ಹೇರಾಡಿ, ಹನೇಹಳ್ಳಿ ಎಂಬ ಗ್ರಾಮಗಳಲ್ಲಿ ಹಳೆಯ ಪಟ್ಟಣವು ಹಂಚಿಹೋಗಿದೆ. ಆದರೆ ಆ ಊರಿನವರು ದಾರಿ ಹೇಳುವಾಗ ಗ್ರಾಮದ ಹೆಸರನ್ನಲ್ಲ, ಕೇರಿಯ ಹೆಸರನ್ನೇ ಹೇಳುವರು: ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ಮೂರುಕೇರಿ, ಭಂಡಾರಕೇರಿ. ಒಂದು ಹಳ್ಳಿಗೆ ಇಷ್ಟು ಕೇರಿಗಳು ಯಾಕೆ? ಇಲ್ಲಿ ಹಿಂದೆ ಪಟ್ಟಣವಿತ್ತು ಎಂಬದಕ್ಕೆ ಈ ಹೆಸರುಗಳೇ ಮೊದಲನೆಯ ಸಾಕ್ಷಿ. ವರ್ಷದ ದಿನಕ್ಕೆ ಒಂದರಂತೆ 365 ದೇವಾಲಯಗಳು ಇದ್ದವೆಂದು ಜನರು ಹೇಳುವರು. ಯಾರೂ ಎಣಿಸಿ ಹೇಳಿದ ಲೆಕ್ಕ ಅದಲ್ಲ. ಬಹಳ ಇದ್ದವು ಎಂಬ ಅರ್ಥದಲ್ಲಿ ಅದನ್ನು ತೆಗೆದುಕೊಂಡರೆ ಸಾಕು. ಕತ್ತಲೆ ಬಸದಿಯೂ ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನವೂ ಇಂದಿಗೂ ನಿಂತಿರುವವು. ಅವುಗಳನ್ನು ನೋಡಿದವರು ಜನರ ಮಾತಿಗೆ ನಗಲಾರರು.

ಹೆಸರಿನ ವಿಷಯವನ್ನು ಮೊದಲು ವಿಚಾರಿಸುವಾ. ಹಳೆಯ ಶಾಸನಗಳಲ್ಲಿ ಈ ಊರನ್ನು ಬಾರಕನ್ಯಾಪುರ, ಬಾರಹಕನ್ಯಾಪುರ ಎಂದು ಬರೆದಿದ್ದಾರೆ. ಬಾರಹ ಎಂದರೆ ಹಿಂದೂಸ್ಥಾನಿ ಭಾಷೆಯಲ್ಲಿ ಹನ್ನೆರಡು. ಆದುದರಿಂದ ಇದು ಹನ್ನೆರಡು ಕನ್ಯೆಯರ ಊರು ಎಂದು ಹೇಳುವವರುಂಟು, ಅದಕ್ಕೆ ತಕ್ಕ ಕಥೆಗಳೂ ಉಂಟು. ಹುಡುಗಿಯರಿಗೆ ಇದು ಬಲು ಇಷ್ಟವಾಗುವ ಅರ್ಥ. ಆದರೆ ಕನ್ನಡ ಮತ್ತು ತುಳು ಮಾತನಾಡುವ ನಾಡಿನಲ್ಲಿ ಊರಿನ ಹೆಸರಿಗೆ ಹಿಂದೂಸ್ಥಾನಿಯ ಸಂಖ್ಯೆಯನ್ನು ಯಾರು ತಂದಾರು? ಅರಬ್ಬೀ ಭಾಷೆಯವರು ಈ ಊರನ್ನು ಫಾಕನೂರ್ ಎಂದೂ, ಪೋರ್ತುಗೀಜರು ಬಕನೋರ್ ಎಂದೂ ಬರೆದರು. ಇಬ್ಬರ ಬಾಯಲ್ಲಿಯೂ ಕೊನೆಯಲ್ಲಿ ಕನೂರು ಎಂಬ ಸದ್ದೇ ಕೇಳುವದು. ಹೀಗಿರಲಾಗಿ ಬಾರಕನೂರು ಎಂಬದೇ ಜನರಾಡುವ ಹೆಸರಾಗಿದ್ದು, ಶಾಸನ ಬರೆದ ಪಂಡಿತರು ಕನೂರನ್ನು ಕನ್ಯಾಪುರವನ್ನಾಗಿ ಸಂಸ್ಕೃತಕ್ಕೆ ತಿರುಗಿಸಿದರೆಂದು ನಮಗೆ ತೋರುತ್ತದೆ. ಪಂಡಿತರು ಹೀಗೆ ಅನೇಕ ಊರುಗಳಿಗೆ ಮಾಡಿದ್ದಾರೆ. ಕನ್ಯೆಯರು ಹೋದರೆಂದು ಹುಡುಗಿಯರು ವ್ಯಸನಪಡಬೇಕಾದದ್ದಿಲ್ಲ. ಅವರಿಗೆ ಬದಲಾಗಿ ಈ ಊರಿನಲ್ಲಿ ನಿಜವಾದ ಅರಸಿಯರೇ ಸಿಕ್ಕುವರು.

ತುಳುನಾಡನ್ನು ಬಹು ಕಾಲ ಆಳಿದವರು ಆಳುಪರು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ. ಶ. 450ರದೆಂದು ಎಣಿಸುವ ಹಲ್ಮಿಡಿಯ ಶಾಸನದಲ್ಲಿಯೇ ಅವರ ಕುಲದ ಮಾತು ಬರುವದು. ಅಂದಿನಿಂದ ಹದಿನಾಲ್ಕನೆಯ ಶತಮಾನದ ವರೆಗೆ, ಕೆಲವೊಮ್ಮೆ ಸ್ವತಂತ್ರರಾಗಿ, ಹೆಚ್ಚಾಗಿ ಬಾದಾಮಿಯ ಚಾಲುಕ್ಯರು ಮೊದಲಾದ ದೊಡ್ಡ ಅರಸರಿಗೆ ತಲೆಬಾಗಿ, ಅವರು ಈ ಕರಾವಳಿಯನ್ನು ಆಳಿದರು. ಒಂದೇ ಮನೆತನವು ಇಷ್ಟು ಕಾಲ ಒಂದೇ ನಾಡಿನಲ್ಲಿ ನಿಂತದ್ದು ಭಾರತದ ಚರಿತ್ರೆಯಲ್ಲಿಯೇ ಅಪರೂಪ. ಅವರ ನಾಣ್ಯಗಳ ಮೇಲೆ ಎರಡು ಮೀನುಗಳ ಗುರುತು ಇರುವದು. ಕಡಲ ಕರೆಯವರಿಗೆ ಇದಕ್ಕಿಂತ ತಕ್ಕ ಮುದ್ರೆ ಯಾವದು! ಮಂಗಳೂರು ಮತ್ತು ಉದ್ಯಾವರ ಅವರ ಹಿಂದಿನ ರಾಜಧಾನಿಗಳು. ಆ ಮೇಲೆ ಅರಮನೆಯು ಬಾರಕೂರಿಗೆ ಬಂತು.

ಬಾರಕೂರಿಗೇ ಯಾಕೆ ಬಂತೆಂದು ಕೇಳುವವರು ನದಿಯನ್ನು ನೋಡಬೇಕು. ಕಡಲ ತೀರದಲ್ಲಿಯೇ ಇರುವ ಊರಿಗೆ ಕಡಲುಗಳ್ಳರ ಭಯವುಂಟು, ಮಳೆಗಾಲದ ತೆರೆಗಳ ಭಯವುಂಟು. ಬಾರಕೂರು ಅಳಿವೆಯಿಂದ ಒಳಗೆ, ನದಿಯ ತಿರುವುಗಳ ಮರೆಯಲ್ಲಿದೆ. ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಿ ನಿಂತರೂ, ಭರತದ ನೀರು ಏರುವಾಗ ಸಣ್ಣ ದೋಣಿಗಳು ಅದರೊಡನೆಯೇ ಮೇಲಕ್ಕೆ ಬರುವವು, ಇಳಿತದೊಡನೆ ಕೆಳಕ್ಕೆ ಹೋಗುವವು. ಹುಟ್ಟು ಹಾಕುವವರಿಗೆ ಅರ್ಧ ಕೆಲಸ ನದಿಯೇ ಮಾಡಿಕೊಡುವದು. ಮೂಡಲ ದಿಕ್ಕಿನಲ್ಲಿ ಘಟ್ಟದ ಮೇಲಿನ ಮೆಣಸು ಮುಂತಾದ ಸರಕುಗಳು ಎತ್ತುಗಳ ಬೆನ್ನಿನ ಮೇಲೆ ಇಳಿದು ಬರುವವು. ನದಿಯ ಎರಡು ಕಡೆಗಳಲ್ಲಿಯೂ ಬತ್ತದ ಬೈಲುಗಳು. ಹೀಗೆ ಹೊಳೆ, ಬೈಲು, ಘಟ್ಟ, ಕಡಲು ಎಂಬ ನಾಲ್ಕೂ ಒಂದೇ ಕಡೆಯಲ್ಲಿ ಕೈಗೂಡುವ ಸ್ಥಳಗಳು ಬಹಳವಿಲ್ಲ.

ಇಲ್ಲಿಂದ ಹೊರಗೆ ಹೋದ ಮುಖ್ಯ ಸರಕು ಅಕ್ಕಿ. ಹದಿನಾರನೆಯ ಶತಮಾನದ ಆರಂಭದಲ್ಲಿ ದುವಾರ್ತೆ ಬಾರ್ಬೋಸಾ ಎಂಬ ಪೋರ್ತುಗೀಜನು ಈ ಕರಾವಳಿಯ ವರ್ಣನೆ ಬರೆಯುವಾಗ ಬಾರಕೂರು ಬಸರೂರುಗಳಲ್ಲಿ ಒಳ್ಳೆಯ ಅಕ್ಕಿ ಬೆಳೆಯುವದನ್ನೂ ಅದು ಮಲಬಾರಕ್ಕೂ ಅರಬ್ಬೀ ಸಮುದ್ರದ ಆಚೆಗಿನ ರೇವುಗಳಿಗೂ ಹೋಗುವದನ್ನೂ ತಿಳಿಸುವನು. ನಮ್ಮ ಅಜ್ಜಿಯಂದಿರು ಬೈಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಅಕ್ಕಿಯ ಮುಡಿಯನ್ನು ಬಲ್ಲರು. 14 ಸೇರಿನ ಕಳಸೆ ಮೂರು ಸೇರಿದರೆ ಒಂದು ಮುಡಿ ಎಂಬ ಲೆಕ್ಕವನ್ನೂ ಬಲ್ಲರು. ಈ ಮುಡಿ ಎಂಬ ಮಾತು ಬಾರಕೂರು ಸೀಮೆಯ ಶಾಸನಗಳಲ್ಲಿ ಪದೇ ಪದೇ ಬರುವದು. ದೇವರ ನೈವೇದ್ಯಕ್ಕೆ ಇಷ್ಟು ಮುಡಿ, ಛತ್ರದ ಊಟಕ್ಕೆ ಇಷ್ಟು ಮುಡಿ ಎಂದು ಅರಸರ ದಾನವೂ ಅಕ್ಕಿಯಲ್ಲಿಯೇ ನಡೆಯಿತು. ಅಳತೆಯು ಊರಿಂದೂರಿಗೆ ಬೇರೆಯಾದದ್ದರಿಂದ ಯಾವ ಹಾನೆಯಲ್ಲಿ ಅಳೆಯತಕ್ಕದ್ದೆಂಬದನ್ನೂ ಕಲ್ಲಿನಲ್ಲಿ ಬರೆದರು. ನಾಣ್ಯವೂ ಊರಿನದೇ: ಬಾರಕೂರ ಗದ್ಯಾಣ ಎಂಬ ಹೆಸರಿನ ಹಣವು ಶಾಸನಗಳಲ್ಲಿ ಕಾಣುವದು.

ಇನ್ನು ಈ ಊರಿನ ಕಥೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದ ಭೂತಾಳ ಪಾಂಡ್ಯನ ಕಥೆಗೆ ಬರುವಾ. ದೇವ ಪಾಂಡ್ಯನೆಂಬವನು ಹೊಸ ಹಡಗುಗಳನ್ನು ಕಟ್ಟಿಸಿ ಬೆಲೆಯುಳ್ಳ ಸರಕನ್ನು ತುಂಬಿಸಿದನು. ಅವು ನೀರಿಗಿಳಿಯದಂತೆ ಕುಂಡೋದರನೆಂಬ ಭೂತರಾಜನು ತಡೆದು ನರಬಲಿಯನ್ನು ಕೇಳಿದನು. ದೇವ ಪಾಂಡ್ಯನು ತನ್ನ ಮಕ್ಕಳಲ್ಲಿ ಒಬ್ಬನನ್ನು ಕೊಡುವಂತೆ ಹೆಂಡತಿಯೊಡನೆ ಕೇಳಲು, ಅವಳು ಒಪ್ಪದೆ ಮಕ್ಕಳನ್ನು ಕರಕೊಂಡು ಹೊರಟುಹೋದಳು. ಆಗ ಅವನ ತಂಗಿಯಾದ ಸತ್ಯವತಿಯು ತನ್ನ ಮಗನಾದ ಜಯ ಪಾಂಡ್ಯನನ್ನು ಮುಂದೆ ತಂದು ನಿಲ್ಲಿಸಿದಳು. ಕುಂಡೋದರನು ಹುಡುಗನ ಧೈರ್ಯಕ್ಕೆ ಮೆಚ್ಚಿ, ಬಲಿಯನ್ನು ಬಿಟ್ಟು, ಅವನಿಗೆ ಭೂತಾಳ ಪಾಂಡ್ಯನೆಂಬ ಹೆಸರಿಟ್ಟು ರಾಜ್ಯವನ್ನು ಕೊಡಿಸಿದನು. ಅಂದಿನಿಂದ ಆಸ್ತಿಯು ಮಗನಿಗೆ ಬಾರದೆ ಅಕ್ಕತಂಗಿಯರ ಮಕ್ಕಳಿಗೆ ಸೇರಬೇಕೆಂಬ ಅಳಿಯಸಂತಾನದ ಕಟ್ಟು ಉಂಟಾಯಿತೆಂದು ಕಥೆ. ಮಗನನ್ನು ಬಲಿಗೆ ಕೊಡೆನೆಂದ ತಾಯಿಯನ್ನು ಕಥೆಯು ತಪ್ಪಿತಸ್ಥಳಂತೆ ತೋರಿಸುತ್ತದೆ. ಮಕ್ಕಳನ್ನು ಹೆತ್ತ ನಮ್ಮ ವಾಚಕಿಯರಲ್ಲಿ ಎಷ್ಟು ಮಂದಿ ಈ ತೀರ್ಪನ್ನು ಒಪ್ಪುವರೋ ತಿಳಿಯದು; ನಾವಂತೂ ಒಪ್ಪುವದಿಲ್ಲ.

ಈ ಕಟ್ಟು ಕ್ರಿ. ಶ. 77ರಲ್ಲಿ ಬಾರಕೂರಿನಲ್ಲಿ ನೇಮಕವಾಯಿತೆಂದು ಹೇಳುವ ಗ್ರಂಥವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗೆ ಬಂದು ನ್ಯಾಯಾಲಯಗಳಲ್ಲಿಯೂ ಆಧಾರವಾಗಿ ನಿಂತಿತು. ವಿದ್ವಾಂಸರು ಅದನ್ನು ಪರೀಕ್ಷಿಸಿ, ಅದರ ಭಾಷೆಯೇ ಇತ್ತೀಚಿನದಾದ ಕಾರಣ ಅಷ್ಟು ಹಳೆಯದಾಗಿರಲಾರದೆಂದು ಹೇಳಿದ್ದಾರೆ. ಸರಿಯೇ. ಗ್ರಂಥವು ಹಳೆಯದಲ್ಲವಾದರೂ ಪದ್ಧತಿಯು ಹೊಸದಲ್ಲ. ನಮ್ಮ ಕಾರ್ಕಳದಲ್ಲಿ 1432ನೇ ಇಸವಿಯಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಭೈರರಸರ ಮನೆತನದಲ್ಲಿಯೂ ಪಟ್ಟವು ಸೋದರಳಿಯನಿಗೆ ಬರುತ್ತಿತ್ತು. ಮತ್ತು ಆ ಕಥೆಯ ನಡುವೆ ಹಡಗು ಇದೆ ಎಂಬದನ್ನು ಗಮನಿಸಬೇಕು. ಬೇಸಾಯದ ಊರಿನವರು ಹೇಳುವ ಕಥೆಯಾದರೆ ಕೆರೆಯಲ್ಲಿ ನೀರು ನಿಲ್ಲದೆ ಬಲಿ ಕೊಟ್ಟರೆಂದು ಇರುತ್ತಿತ್ತು. ಇಲ್ಲಿ ಹಡಗು ನೀರಿಗಿಳಿಯಲಿಲ್ಲ ಎಂದಿದೆ. ಅಂದರೆ ಕಥೆ ಕಟ್ಟಿದವರು ಹಡಗಿನಿಂದ ಬಾಳಿದ ಜನರು.

ಅಳಿಯಸಂತಾನದ ಕುಟುಂಬಗಳಲ್ಲಿ ವಂಶವನ್ನು ತಾಯಿಯಿಂದ ಎಣಿಸುವರು. ಮನೆಯಲ್ಲಿ ಹಿರಿಯಳು ಹೆಂಗಸಾದರೆ ಅವಳೇ ಯಜಮಾನ್ತಿಯಾಗಿ ನಡಿಸಬಹುದಾಗಿತ್ತು. ಎಲ್ಲರೂ ಒಪ್ಪಿದ ಹೊರತು ಕುಟುಂಬದ ಆಸ್ತಿಯನ್ನು ಪಾಲು ಮಾಡುವ ಹಾಗಿರಲಿಲ್ಲ. 1949ರಲ್ಲಿ ಮದ್ರಾಸು ಸರಕಾರದವರು ಮಾಡಿದ ಅಳಿಯಸಂತಾನ ಕಾನೂನು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ ತರುವಾಯ ಹಳೆಯ ಏರ್ಪಾಡು ಕ್ರಮೇಣ ಸಡಿಲಾಯಿತು. ಹೆಣ್ಣಿನಿಂದ ಆಸ್ತಿ ಬರುವದು ಬೇರೆ, ಹೆಣ್ಣಿನ ಕೈಯಲ್ಲಿ ಆಸ್ತಿ ಇರುವದು ಬೇರೆ. ಅನೇಕ ಮನೆಗಳಲ್ಲಿ ಅಧಿಕಾರವು ಅವಳ ಅಣ್ಣನ ಅಥವಾ ಸೋದರಮಾವನ ಕೈಯಲ್ಲಿಯೇ ಇತ್ತೆಂಬದನ್ನು ಹಿರಿಯರು ಚೆನ್ನಾಗಿ ಬಲ್ಲರು. ಆದುದರಿಂದ ಬಾರಕೂರಿನ ಅರಸಿಯರು ಹೆಸರಿಗೆ ಮಾತ್ರ ಅರಸಿಯರೋ, ನಿಜವಾಗಿ ಆಳಿದವರೋ ಎಂದು ಕೇಳುವದು ನ್ಯಾಯವೇ.

ಮೊದಲನೆಯವಳು ಬಲ್ಲಮಹಾದೇವಿ. ಇವಳು ವೀರಪಾಂಡ್ಯನೆಂಬ ಆಳುಪ ಅರಸನ ರಾಣಿ. ಅವನ ತರುವಾಯ ಹದಿಮೂರನೆಯ ಶತಮಾನದ ಕೊನೆಯ ಪಾದದಲ್ಲಿ ಇವಳು ಬಾರಕೂರಿನಿಂದ ರಾಜ್ಯವಾಳಿದಳು. ಮಗನಾದ ನಾಗದೇವರಸನ ಹೆಸರೂ ಇವಳೊಡನೆ ಬರುವದು. ಮಗನು ಚಿಕ್ಕವನಾದ ಕಾರಣ ತಾಯಿಯು ಅವನ ಪರವಾಗಿ ನೋಡಿಕೊಂಡಳು ಎಂದು ಹೇಳಿ ಮುಗಿಸುವದು ಸುಲಭ. ಆದರೆ ಶಾಸನಗಳು ಇವಳಿಗೆ ಕೊಡುವ ಬಿರುದುಗಳು ಹಾಗೆ ಮುಗಿಸಲು ಬಿಡುವದಿಲ್ಲ. ಪಾಂಡ್ಯಚಕ್ರವರ್ತಿ ಎಂಬದು ಆಳುಪ ಅರಸರು ತಮಗೆ ತಾವೇ ಇಟ್ಟುಕೊಂಡ ದೊಡ್ಡ ಬಿರುದು. ಅದನ್ನು ಸ್ತ್ರೀಲಿಂಗಕ್ಕೆ ತಿರುಗಿಸದೆ, ಇದ್ದದ್ದು ಇದ್ದ ಹಾಗೆಯೇ ಇವಳ ಹೆಸರಿನ ಮುಂದೆ ಕೆತ್ತಿದ್ದಾರೆ. ಅರಸನ ಹೆಂಡತಿ ಎಂದಲ್ಲ, ಅರಸನ ತಾಯಿ ಎಂದಲ್ಲ, ಚಕ್ರವರ್ತಿ ಎಂದೇ. ಆಳುಪರ ಶಾಸನಗಳನ್ನು ಕಲೆಹಾಕಿ 1970ರಲ್ಲಿ ದಕ್ಷಿಣ ಕನ್ನಡದ ಚರಿತ್ರೆಯನ್ನು ಪ್ರಕಟಿಸಿದ ಕೆ. ವಿ. ರಮೇಶರು ಇವಳನ್ನು ಆಳಿದವರ ಸಾಲಿನಲ್ಲಿಯೇ ಎಣಿಸಿದ್ದಾರೆ.

ಎರಡನೆಯವಳು ಚಿಕ್ಕಾಯಿತಾಯಿ. ಕೆಲವರು ಈ ಹೆಸರನ್ನು ಕಿಕ್ಕಾಯಿತಾಯಿ ಎಂದು ಓದುವರು; ಹಳೆಯ ಲಿಪಿಯಲ್ಲಿ ಒಂದು ಅಕ್ಷರ ಸವೆದರೂ ಹೆಸರು ಎರಡಾಗುವದು. ಇವಳು ಹೊಯ್ಸಳರ ಮೂರನೆಯ ಬಲ್ಲಾಳನ ಪಟ್ಟದ ಹಿರಿಯರಸಿ, ಹುಟ್ಟಿನಿಂದ ಆಳುಪರ ಮನೆತನದವಳೆಂದು ಎಣಿಸುವರು. ಬಲ್ಲಾಳನ ಕಾಲವು ಬಹಳ ಕಷ್ಟದ ಕಾಲ. ಉತ್ತರದಿಂದ ದಿಲ್ಲಿಯ ಸೈನ್ಯಗಳು ಬಂದು ಅವನ ರಾಜಧಾನಿಯಾದ ದೋರಸಮುದ್ರವನ್ನು ಹಾಳುಮಾಡಿದ್ದವು, ದಕ್ಷಿಣದಲ್ಲಿ ಮಧುರೆಯ ಸುಲ್ತಾನರು ಎದ್ದಿದ್ದರು. ಘಟ್ಟದ ಕೆಳಗಿನ ಈ ನಾಡು, ಅದರ ಅಕ್ಕಿ, ಅದರ ರೇವುಗಳು ಅವನಿಗೆ ದೊಡ್ಡ ಆಸರೆಯಾಗಿದ್ದವು. 1333ರಿಂದ 1348ರ ವರೆಗಿನ ಶಾಸನಗಳಲ್ಲಿ ಚಿಕ್ಕಾಯಿತಾಯಿಯು ಬಾರಕೂರಿನಿಂದ ಆಳುವದನ್ನು ಕಾಣುತ್ತೇವೆ. ಇದರಲ್ಲಿ ಗಮನಿಸತಕ್ಕದ್ದು ಒಂದುಂಟು. ಬಲ್ಲಾಳನು 1342ರ ಸುಮಾರಿಗೆ ಮಧುರೆಯ ಸುಲ್ತಾನನೊಡನೆ ನಡೆದ ಯುದ್ಧದಲ್ಲಿ ಮಡಿದನು. ಗಂಡನ ರಾಜ್ಯವು ಕುಸಿಯಿತು. ವಿಜಯನಗರದ ಅಣ್ಣತಮ್ಮಂದಿರು ಬೆಳೆಯುತ್ತಿದ್ದರು. ಅದಾಗ್ಯೂ ಈ ಅರಸಿಯು ಇನ್ನೂ ಐದಾರು ವರ್ಷ ತನ್ನ ಸ್ಥಾನದಲ್ಲಿ ನಿಂತಳು. 1346ರಲ್ಲಿ ಹರಿಹರನೂ ಅವನ ತಮ್ಮಂದಿರೂ ಶೃಂಗೇರಿಯ ಮಠಕ್ಕೆ ದಾನ ಮಾಡಿದ ಪ್ರಸಿದ್ಧ ಶಾಸನದೊಡನೆ ಇವಳು ಕೊಟ್ಟ ದಾನದ ಮಾತೂ ಇದೆ. ಮುಳುಗುವ ರಾಜ್ಯಕ್ಕೂ ಏಳುವ ರಾಜ್ಯಕ್ಕೂ ನಡುವೆ ತನ್ನ ನಾಡನ್ನು ನಡಿಸಿಕೊಂಡು ಹೋದವಳನ್ನು ಹೆಸರಿಗೆ ಮಾತ್ರ ಅರಸಿಯೆಂದು ಹೇಳಲು ನಮಗೆ ಮನಸ್ಸಾಗುವದಿಲ್ಲ.

ಇದೇ ಕಾಲದಲ್ಲಿ, ಅಂದರೆ 1342ರ ಹೊತ್ತಿಗೆ, ಒಬ್ಬ ವಿದೇಶೀಯನು ಹಡಗಿನಲ್ಲಿ ಬಾರಕೂರಿಗೆ ಬಂದನು. ಮೊರೊಕ್ಕೋ ದೇಶದ ತಾಂಜೀರ್ ಪಟ್ಟಣದಲ್ಲಿ ಹುಟ್ಟಿದ ಇಬ್ನ್ ಬತೂತನೆಂಬ ಈ ಪ್ರವಾಸಿಯನ್ನು ದಿಲ್ಲಿಯ ಸುಲ್ತಾನನು ಚೀನ ದೇಶಕ್ಕೆ ರಾಯಭಾರಿಯಾಗಿ ಕಳುಹಿಸಿದ್ದನು. ಬಸರೂರನ್ನು ಬಿಟ್ಟು ಫಾಕನೂರಿಗೆ ಬಂದೆವು ಎಂದು ಅವನು ಹೇಳುವನು. ಅದು ಹಿನ್ನೀರಿನ ದಡದಲ್ಲಿರುವ ದೊಡ್ಡ ಪಟ್ಟಣವೆಂದೂ, ಅಲ್ಲಿಯ ಕಬ್ಬಿಗೆ ಸಮಾನವಾದದ್ದು ಆ ಸೀಮೆಯಲ್ಲಿ ಬೇರೆ ಇಲ್ಲವೆಂದೂ, ಊರಿನಲ್ಲಿ ಮುಸಲ್ಮಾನ ವರ್ತಕರ ಸಮುದಾಯವೂ ಮಸೀದಿಯೂ ಇರುವದೆಂದೂ ಬರೆದಿದ್ದಾನೆ. ಅರಸನ ಬಳಿಯಲ್ಲಿ ಸುಮಾರು ಮೂವತ್ತು ಯುದ್ಧದ ಹಡಗುಗಳು ಇದ್ದವು. ಅವುಗಳ ನಾಯಕನು ಲೂಲಾ ಎಂಬ ಮುಸಲ್ಮಾನನು. ಸ್ವಂತ ಮತದವನಾದರೂ ಅವನನ್ನು ಪ್ರವಾಸಿಯು ಹೊಗಳುವದಿಲ್ಲ, ಕಡಲುಗಳ್ಳನೆಂದೇ ಹೇಳುವನು. ರೇವಿನ ಮುಂದೆ ಹಾದುಹೋಗುವ ಹಡಗು ಅಲ್ಲಿ ನಿಂತು ಕಾಣಿಕೆ ಸಲ್ಲಿಸಲೇಬೇಕು. ಸಲ್ಲಿಸದೆ ಮುಂದುವರಿದರೆ ಬೆನ್ನಟ್ಟಿ ಹಿಡಿದು ಇಮ್ಮಡಿ ವಸೂಲು ಮಾಡುವರು. ಇದಕ್ಕೆ ರೇವಿನ ಹಕ್ಕು ಎಂದು ಹೆಸರು. ಇವರು ಲಂಗರು ಹಾಕಿದಾಗ ಅರಸನು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿ, ಅತಿಥಿಗಳನ್ನು ದಡಕ್ಕೆ ಕರೆಯಿಸಿ, ಮೂರು ದಿನ ಉಪಚರಿಸಿದನು.

ಆ ಅರಸನ ಹೆಸರು ಬಾಸದೇವ, ಅಂದರೆ ವಾಸುದೇವ, ಎಂದು ಇಬ್ನ್ ಬತೂತನು ಹೇಳುವನು. ಚಿಕ್ಕಾಯಿತಾಯಿಯ ಸುದ್ದಿಯೇ ಇಲ್ಲ! ಅದೇ ವರ್ಷಗಳ ಕಲ್ಲುಗಳು ಚಿಕ್ಕಾಯಿತಾಯಿ ಎನ್ನುವಾಗ, ಕಣ್ಣಾರೆ ಕಂಡು ಬರೆದವನು ಬಾಸದೇವ ಎನ್ನುವನು. ಯಾವದನ್ನು ನಂಬಬೇಕು? ಇಬ್ನ್ ಬತೂತನು ಊರಿನಲ್ಲಿದ್ದದ್ದು ಮೂರೇ ದಿನ, ಭಾಷೆ ತಿಳಿಯದು, ತನ್ನ ಪ್ರವಾಸದ ವೃತ್ತಾಂತವನ್ನು ಬರೆಯಿಸಿದ್ದು ಸ್ವದೇಶಕ್ಕೆ ಹಿಂದಿರುಗಿದ ಮೇಲೆ, ಹತ್ತಾರು ವರ್ಷಗಳ ನಂತರ, ನೆನಪಿನಿಂದ. ರೇವನ್ನು ನೋಡಿಕೊಳ್ಳುವ ಅಧಿಕಾರಿಯೋ ಅರಮನೆಯ ಬಂಧುವೋ ಅವನನ್ನು ಎದುರುಗೊಂಡಿರಬೇಕು. ಹಡಗಿಗೆ ಬಂದ ಗಂಡಸನ್ನೇ ಅವನು ಅರಸನೆಂದು ತಿಳಿದನು ಎಂಬದೇ ನಮ್ಮ ಊಹೆ. ಕಲ್ಲಿನ ಸಾಕ್ಷಿಯಾದರೋ ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ಹತ್ತು ಜನರ ಎದುರಿಗೆ ಕೆತ್ತಿದ್ದು. ಆದಾಗ್ಯೂ ಲೋಕದಲ್ಲಿ ಹಬ್ಬಿದ್ದು ಪುಸ್ತಕದ ಮಾತು. ಇಬ್ನ್ ಬತೂತನ ಗ್ರಂಥವು ಅನೇಕ ಭಾಷೆಗಳಿಗೆ ತರ್ಜುಮೆಯಾಗಿದೆ. ಚಿಕ್ಕಾಯಿತಾಯಿಯ ಹೆಸರನ್ನು ಬಾರಕೂರಿನಿಂದ ಹತ್ತು ಹರದಾರಿ ದೂರದ ನಮ್ಮ ಹುಡುಗಿಯರೂ ಕೇಳಿದವರಲ್ಲ.

ಕಲ್ಲನ್ನು ಓದುವ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳುವದು ಅವಶ್ಯ. ನಮ್ಮ ಕಡೆಯ ಶಾಸನಗಳು ಹೆಚ್ಚಾಗಿ ಕರಿಕಲ್ಲಿನ ಎತ್ತರದ ಹಲಗೆಗಳು. ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಲಿಂಗವೋ ಜಿನನೋ ಬೇರೆ ದೇವರೋ, ಹಸು ಕರು ಮುಂತಾದ ಚಿತ್ರಗಳು ಇರುವವು. ಸೂರ್ಯ ಚಂದ್ರರು ಇರುವ ವರೆಗೆ ಈ ದಾನವು ನಡೆಯಲಿ ಎಂಬದು ಅವುಗಳ ಅರ್ಥ. ಕೆಳಗೆ ಮೊದಲು ಮಂಗಳದ ಮಾತು, ಆ ಮೇಲೆ ಶಕ ವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಶಕ ವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿಯು ಸಿಕ್ಕುವದು. ವರ್ಷದ ಕೊನೆಯ ತಿಂಗಳುಗಳಾದರೆ 79 ಕೂಡಿಸಬೇಕು. ಉದಾಹರಣೆಗೆ, ಶಕ 1255 ಎಂದಿದ್ದರೆ ಅದು 1333. ಬಳಿಕ ಆಳುವವರ ಬಿರುದು ಮತ್ತು ಹೆಸರು, ದಾನ ಕೊಟ್ಟವರು, ತೆಗೆದುಕೊಂಡವರು, ಭೂಮಿಯ ನಾಲ್ಕು ಗಡಿಗಳು, ಸಾಕ್ಷಿಗಳು. ಗಡಿಯನ್ನು ಹೇಳುವಾಗ ತೋಡು, ಅಗಳು, ಮರ, ಬಂಡೆ ಎಲ್ಲವೂ ಬರುವದು. ಕೊನೆಯಲ್ಲಿ ದಾನವನ್ನು ಕೆಡಿಸಿದವರಿಗೆ ಶಾಪ. ಶಾಪದ ಭಯಕ್ಕೇ ಎಷ್ಟೋ ಕಲ್ಲುಗಳು ಉಳಿದುಕೊಂಡಿವೆ. ಶಾಪವು ಓದಲು ಬಾರದವರಿಗೆ ತಟ್ಟಲಿಲ್ಲವೋ ಏನೋ, ಬಟ್ಟೆ ಒಗೆಯುವ ಕಲ್ಲಾಗಿ, ತೋಡಿಗೆ ಅಡ್ಡ ಹಾಕಿದ ಸಂಕವಾಗಿ, ಮೆಟ್ಟುಗಲ್ಲಾಗಿ ಎಷ್ಟೋ ಶಾಸನಗಳು ಸವೆದುಹೋದವು. ಗಾರೆ, ಸುಣ್ಣ, ಇತ್ತೀಚೆಗೆ ಬಣ್ಣ ಬಳಿದು ಅಕ್ಷರಗಳನ್ನು ಮುಚ್ಚಿದ್ದೂ ಉಂಟು. ನಮ್ಮ ಹಳೇ ವಿದ್ಯಾರ್ಥಿನಿಯರು ಮದುವೆಯಾಗಿ ಹೋದ ಮನೆಗಳ ಹಿತ್ತಿಲಲ್ಲಿ, ಬಾವಿಯ ಬಳಿಯಲ್ಲಿ ಅಕ್ಷರವಿರುವ ಕಲ್ಲನ್ನು ಕಂಡರೆ ಅದನ್ನು ಕದಲಿಸದೆ, ತಾಲೂಕು ಕಚೇರಿಗೋ ಪುರಾತತ್ತ್ವ ಇಲಾಖೆಗೋ ಕಾಗದ ಬರೆಯಿರಿ. ಒಂದು ಕಲ್ಲು ಹೋದರೆ ಒಬ್ಬ ಅರಸಿ ಹೋಗಬಹುದು. ಬಲ್ಲಮಹಾದೇವಿಗೆ ಆ ಕಲ್ಲುಗಳ ಹೊರತು ಬೇರೆ ಸಾಕ್ಷಿ ಇಲ್ಲ.

ವಿಜಯನಗರದವರ ಕಾಲದಲ್ಲಿ ಬಾರಕೂರಿಗೆ ಅರಸರು ಹೋದರೂ ಅಧಿಕಾರ ಹೋಗಲಿಲ್ಲ. ಕರಾವಳಿಯನ್ನು ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಎಂದು ಎರಡಾಗಿ ವಿಭಾಗಿಸಿ, ಒಬ್ಬೊಬ್ಬ ಒಡೆಯನನ್ನು ನೇಮಿಸಿದರು. ಈಗ ಪಾಳುಬಿದ್ದಿರುವ ಕೋಟೆಯನ್ನು ಹರಿಹರನು ಕಟ್ಟಿಸಿದನೆಂದು ಹೇಳುವರು. ಪಟ್ಟಣದ ಕೆಲಸಗಳನ್ನಾದರೋ ಹತ್ತು ಕೇರಿಯ ಹಲರು ನಡಿಸುತ್ತಿದ್ದರು. ಹಲರು ಎಂದರೆ ಹಲವರು, ಊರಿನ ಪ್ರಮುಖರ ಸಭೆ. ಇವರಲ್ಲದೆ ಸೆಟ್ಟಿಕಾರರೆಂಬ ವರ್ತಕರ ಕೂಟ, ಪರದೇಶದಿಂದ ಬಂದ ವರ್ತಕರ ಹಂಜಮಾನವೆಂಬ ಕೂಟ ಈ ಕರಾವಳಿಯ ಶಾಸನಗಳಲ್ಲಿ ಕಾಣುವವು. ಒಡೆಯರು ಎರಡು ಮೂರು ವರ್ಷಕ್ಕೆ ಬದಲಾದರೂ ಹಲರು ಇದ್ದಲ್ಲಿಯೇ ಇದ್ದರು. ಊರನ್ನು ನಿಜವಾಗಿ ಉಳಿಸಿದವರು ಇವರೇ ಎಂದು ನಮ್ಮ ಅಭಿಪ್ರಾಯ. ಈ ಹಲರ ಸಭೆಗಳಲ್ಲಿ ಹೆಂಗಸರು ಕುಳಿತರೆಂದು ಮಾತ್ರ ಹೇಳಲಾರೆವು.

ಈ ಶಾಸನಗಳ ಭಾಷೆಯ ವಿಷಯವೂ ಸ್ವಾರಸ್ಯವುಳ್ಳದ್ದು. ಸೀತಾನದಿಯ ಬಡಗಣ ದಡದಿಂದ ಕೋಟ ಕುಂದಾಪುರಗಳ ಕನ್ನಡ ಆರಂಭವಾಗುವದು, ತೆಂಕಣಕ್ಕೆ ತುಳು. ಗಡಿಯ ಊರಾದ ಬಾರಕೂರಿನಲ್ಲಿ ಎರಡೂ ಕೇಳುವವು. ಆದರೂ ಕಲ್ಲಿನ ಮೇಲೆ ಬರೆದದ್ದು ಹೆಚ್ಚಾಗಿ ಕನ್ನಡವೇ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಬರೆಯುವ ನಮ್ಮ ಮಕ್ಕಳ ರೂಢಿಗೆ ಏಳು ನೂರು ವರ್ಷಗಳ ಹಿನ್ನೆಲೆ ಉಂಟೆಂದಾಯಿತು.

ಊರು ಒಮ್ಮೆಗೇ ಬಿದ್ದುಹೋಗಲಿಲ್ಲ. ಪೋರ್ತುಗೀಜರು ಬಂದ ಮೇಲೆ ಕಡಲಿನ ವ್ಯಾಪಾರವು ಅವರ ಅಂಕೆಗೆ ಒಳಗಾಯಿತು. ಅವರು 1569ರಲ್ಲಿ ಬಸರೂರಿನಲ್ಲಿ ನೆಲೆಯೂರಿದರು. ಅಕ್ಕಿಯ ಹಡಗುಗಳಿಗೆ ಬಸರೂರೂ ಮಂಗಳೂರೂ ಮುಖ್ಯ ರೇವುಗಳಾದವು. 1565ರಲ್ಲಿ ವಿಜಯನಗರಕ್ಕೆ ಸೋಲಾಗಿ, ಘಟ್ಟದ ಮೇಲಿನ ದೊಡ್ಡ ಗಿರಾಕಿಯೇ ಹೋದಂತಾಯಿತು. ಬಳಿಕ ಇಕ್ಕೇರಿಯ ನಾಯಕರು ಘಟ್ಟದ ಕೆಳಗೆ ಇಳಿದು ಈ ನಾಡನ್ನು ವಶಪಡಿಸಿಕೊಂಡರು; ಅವರ ರಾಜಧಾನಿಯು ಘಟ್ಟದ ಮೇಲೆಯೇ ಇದ್ದುದರಿಂದ ಬಾರಕೂರಿಗೆ ಅರಮನೆಯ ಗೌರವವು ಮರಳಲಿಲ್ಲ. 1763ರಲ್ಲಿ ಹೈದರಾಲಿಯು ಇಕ್ಕೇರಿಯವರ ರಾಜ್ಯವನ್ನು ತೆಗೆದುಕೊಂಡನು, 1799ರಲ್ಲಿ ಟಿಪ್ಪುವು ಮಡಿದ ಬಳಿಕ ಅದು ಇಂಗ್ಲಿಷರಿಗೆ ಸೇರಿತು. ಎರಡೇ ವರ್ಷಗಳಲ್ಲಿ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಸರಕಾರದ ಅಪ್ಪಣೆಯಂತೆ ಈ ಸೀಮೆಯಲ್ಲಿ ಸಂಚರಿಸಿ ಬೆಳೆ, ಜಾತಿ, ಪದ್ಧತಿ, ಹಳೆಯ ಅರಸರ ಕಥೆಗಳನ್ನು ಬರಕೊಂಡನು. ಅಷ್ಟರಲ್ಲಿ ಬಾರಕೂರು ಕಥೆಯ ಊರಾಗಿ ಹೋಗಿತ್ತು.

ಕಟ್ಟಕಡೆಯ ಪೆಟ್ಟು ಯುದ್ಧದಿಂದ ಬಂದದ್ದಲ್ಲ, ಮಾರ್ಗದಿಂದ. ಹೊಳೆಯೇ ದಾರಿಯಾಗಿದ್ದಾಗ ಬಾರಕೂರಿಗೆ ಬರದೆ ಯಾರೂ ಹೋಗಲಾರರು. ಕರಾವಳಿಯ ಹೆದ್ದಾರಿಯು ಸೀತಾನದಿಯನ್ನು ಬಾರಕೂರಿನಲ್ಲಿ ದಾಟದೆ ಇನ್ನೂ ಕೆಳಗೆ ಮಾಬುಕಳದಲ್ಲಿ ದಾಟಿತು. ಅಲ್ಲಿ ಮೊದಲು ಕಡವು ಇತ್ತು, ಬಳಿಕ ಸೇತುವೆಯಾಯಿತು. ಬಸ್ಸುಗಳೂ ಲಾರಿಗಳೂ ಹೆದ್ದಾರಿಯಲ್ಲಿ ಓಡುವಾಗ ಅಂಗಡಿಗಳೂ ಕಚೇರಿಗಳೂ ಬ್ರಹ್ಮಾವರದಲ್ಲಿ ಬೆಳೆದವು. ಉಡುಪಿ 1997ರಲ್ಲಿ ಬೇರೆ ಜಿಲ್ಲೆಯಾಯಿತು. ಆ ಬಳಿಕ ಬ್ರಹ್ಮಾವರವು ತಾಲೂಕಿನ ಕೇಂದ್ರವಾಯಿತು. ಒಂದು ಕಾಲದಲ್ಲಿ ಅರ್ಧ ಕರಾವಳಿಯು ಯಾವ ಊರಿನ ಹೆಸರಿನಿಂದ ರಾಜ್ಯವೆನಿಸಿತ್ತೋ ಅದೇ ಊರು ಈಗ ನೆರೆಯೂರಿನ ತಾಲೂಕಿಗೆ ಸೇರಿದ ಒಂದು ಭಾಗ. ಕೊಂಕಣ ರೈಲು ಮಾತ್ರ ಹಳೆಯ ಊರನ್ನು ಮರೆಯಲಿಲ್ಲ: 1998ರಲ್ಲಿ ಪೂರ್ತಿಯಾಗಿ ತೆರೆದ ಈ ದಾರಿಯಲ್ಲಿ ಬಾರಕೂರು ಎಂಬ ಹೆಸರಿನ ನಿಲ್ದಾಣ ಇದೆ.

ಹೆತ್ತವರು ಮಕ್ಕಳನ್ನು ಕರಕೊಂಡು ಹೋಗಬೇಕೆಂದಿದ್ದರೆ ಅಜೆಕಾರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ಕತ್ತಲೆ ಬಸದಿಯನ್ನೂ ಕೋಟೆಯನ್ನೂ ಪಂಚಲಿಂಗೇಶ್ವರವನ್ನೂ ನೋಡಿ, ಇಳಿಹೊತ್ತಿಗೆ ಹಂಗಾರಕಟ್ಟೆಯ ಕಡೆ ಹೋದರೆ ಸುವರ್ಣೆಯೂ ಸೀತೆಯೂ ಕೂಡುವ ಸ್ಥಳವು ಕಾಣುವದು. ಶಾಸನದ ಕಲ್ಲುಗಳನ್ನು ನೋಡುವವರು ಹೊತ್ತನ್ನು ಆರಿಸಿಕೊಳ್ಳಬೇಕು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರಗಳು ಕಲ್ಲಿನೊಳಗೆ ಅಡಗಿ, ಏನೂ ಕಾಣದು. ಬೆಳಿಗ್ಗೆ ಎಂಟು ಗಂಟೆಯೊಳಗೆ ಅಥವಾ ಸಂಜೆ ಐದರ ಮೇಲೆ ಬೆಳಕು ಓರೆಯಾಗಿ ಬೀಳುವಾಗ ಗೆರೆಗಳು ತಾವಾಗಿಯೇ ಎದ್ದು ಕಾಣುವವು. ಸೀಮೆಸುಣ್ಣದಿಂದ ತಿದ್ದುವದೂ ಮೊಳೆಯಿಂದ ಕೆರೆಯುವದೂ ಬೇಡ. ಒದ್ದೆ ಬಟ್ಟೆಯಿಂದ ಧೂಳನ್ನು ಮೆಲ್ಲಗೆ ಒರಸಿದರೆ ಸಾಕು. ಮೊದಲ ಸಾಲಿನಲ್ಲಿ ಸ್ವಸ್ತಿ ಎಂಬದನ್ನು ಹುಡುಕಿರಿ. ಅದು ಸಿಕ್ಕಿದರೆ ಮುಂದಿನ ಅಕ್ಷರಗಳನ್ನು ಹುಡುಗಿಯರು ಒಂದೊಂದಾಗಿ ಗುರುತಿಸುವರು.